ಸತ್ತ ಆಟದ ಕಿವಿ

ನಮ್ಮ ನೆಂಟರ ಬಾಯಲ್ಲಿ ಓಡಾಡುವ ಕತೆ ಇಷ್ಟು: ಫೋನಿನಲ್ಲಿ ಒಂದು ಹೊಡೆದಾಟದ ಆಟವಿತ್ತು, ಅಕ್ಕನಿಗೆ ಅದರ ಹುಚ್ಚು ಹಿಡಿಯಿತು, ಒಂದು ದಿನ ಕಂಪನಿಯವರು ಆಟವನ್ನೇ ಮುಚ್ಚಿದರು, ಆ ಸಂಕಟಕ್ಕೆ ಅವಳು ಮಾವನ ಮಗನನ್ನು ಕಟ್ಟಿಕೊಳ್ಳಲ್ಲ ಅಂದಳು. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ ಹೇಳಲು ಇದು ತೀರ ಅನುಕೂಲದ ಕತೆ. ಸಾರು ಬರುವಷ್ಟರಲ್ಲಿ ಮುಗಿಯುತ್ತದೆ. ಕೊನೆಯಲ್ಲಿ ಎಲ್ಲರೂ ಸೇರಿ ಫೋನನ್ನು ಬೈಯಬಹುದು. ಬೈಸಿಕೊಂಡ ಫೋನು ತಿರುಗಿ ಮಾತಾಡುವುದಿಲ್ಲ.

ನಾನು ಈ ಕತೆಯನ್ನು ಒಪ್ಪುವುದಿಲ್ಲ. ಆಟ ಮುಚ್ಚಿದ್ದು ನಿಜ, ಅಕ್ಕ ಬೇಡವೆಂದದ್ದೂ ನಿಜ. ಆದರೆ ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಿಬಿಡುವುದಿಲ್ಲ. ವಾದಸಭೆಯಲ್ಲಿ ಕಲಿಸುವ ಮೊದಲ ಪಾಠವೇ ಅದು. ನಾನು ಅದನ್ನು ಧರ್ಮಪುರಿಯ ಕಾಲೇಜಿನಲ್ಲಿ ತಮಿಳಿನಲ್ಲಿ ಕಲಿತು, ಮನೆಗೆ ಬಂದು ಕನ್ನಡದಲ್ಲಿ ಬಳಸತೊಡಗಿದೆ. ಅದಕ್ಕೆ ಸಿಕ್ಕ ಬಹುಮಾನ 'ಲಾಯರಮ್ಮ' ಅನ್ನುವ ಅಡ್ಡಹೆಸರು. ಇರಲಿ. ಅಕ್ಕ ಬಾವನನ್ನು, ಅಂದರೆ ಆ ಮಾವನ ಮಗನನ್ನು, ಕೇಳಿದ್ದು ಬಹಳ ಸಣ್ಣದು: ಆ ಆಟದಲ್ಲಿ ಗೆದ್ದ ಕೈ ತನ್ನದು, ಆದ್ದರಿಂದ ಆಟ ಮುಚ್ಚುವ ಮುಂಚೆ ಕೊನೆಯ ಸ್ವಲ್ಪ ಹೊತ್ತಾದರೂ ಅದರ ಮೇಲೆ ತನ್ನ ಹೆಸರು ಇರಬೇಕು. ಆ ಹೆಸರು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ನನ್ನ ಪ್ರಶ್ನೆ. ನೆಂಟರ ಕತೆಯಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ.

ಇದನ್ನು ಕುರಿಯಿಂದಲೇ ಶುರು ಮಾಡಬೇಕಾಗುತ್ತದೆ, ಬೇರೆ ದಾರಿಯಿಲ್ಲ. ನಮ್ಮದು ಮಾರಂಡಹಳ್ಳಿಯಿಂದ ಒಳಗೆ, ರಾಗಿ, ಟೊಮೇಟೊ, ಅವರೆ ಬೆಳೆಯುವ ಊರು. ಹೊಲಗಳ ಮೇಲುಗಡೆ ಬೋರೆಗುಡ್ಡ, ಬೋರೆಯ ತುದಿಯಲ್ಲಿ ಒಂದು ಫೋನಿನ ಟವರ್. ಮಾವನ ಮನೆ ಅದಿಯಮಾನ್‌ಕೋಟೆಯ ಹತ್ತಿರ, ದೊಡ್ಡ ರಸ್ತೆಯ ಪಕ್ಕ. ಅವರಿಗೆ ಕುರಿಗಳಿವೆ, ಮೇಯಿಸಲು ಜಾಗವಿಲ್ಲ. ಹಾಗಾಗಿ ಅವರ ಕುರಿ ನಮ್ಮಲ್ಲಿ ವಾರಕ್ಕೆ ಇವೆ. ವಾರ ಅಂದರೆ, ತಾಯಿಕುರಿ ಒಡೆಯನದು, ಮೇಯಿಸುವುದು ನಾವು, ಹುಟ್ಟಿದ ಮರಿಗಳಲ್ಲಿ ಅವರಿಗೆ ಅರ್ಧ ನಮಗೆ ಅರ್ಧ. ಒಂಟಿ ಮರಿ ಉಳಿದರೆ ಒಂದು ಸಲ ಅವರಿಗೆ, ಮುಂದಿನ ಸಲ ನಮಗೆ. ಪಾಲು ಮಾಡುವ ದಿನ ಒಡೆಯನ ಕಡೆಯವರು ಬಂದು ದೊಡ್ಡಿಯಲ್ಲಿ ನಿಲ್ಲಬೇಕು. ಅವರ ಕಣ್ಣೆದುರಿಗೇ ನಮ್ಮ ಪಾಲಿನ ಮರಿಯ ಎಡಗಿವಿಯ ತುದಿಯನ್ನು ನೇರಕ್ಕೆ ಕತ್ತರಿಸಿ ಬೂದಿ ಅರಿಶಿನ ಒತ್ತುತ್ತೇವೆ. ಅದು ನಮ್ಮ ಗುರುತು. ಮಾವನದು ಬಲಗಿವಿಯಲ್ಲಿ ಕವಲು ಸೀಳು. ಒಡೆಯನ ಕಡೆಯವರು ಇಲ್ಲದಾಗ ವಾರದ ಮರಿಯ ಕಿವಿಗೆ ಕತ್ತರಿ ತಾಗಿಸುವ ಹಾಗಿಲ್ಲ. ತಾಗಿಸಿದರೆ ಅದಕ್ಕೆ ನಮ್ಮಲ್ಲಿ ಕಳ್ಳತನ ಅಂತಲೇ ಹೆಸರು.

ಇನ್ನೊಂದು ಕಟ್ಟಳೆ ಇದೆ. ವಾರದ ಕುರಿ ಸತ್ತರೆ ಗುರುತಿರುವ ಕಿವಿಯನ್ನು ಕೊಯ್ದು, ಒಣಗಿಸಿಟ್ಟು, ಒಡೆಯ ಬಂದಾಗ ತೋರಿಸಬೇಕು. ಅವನು ಅದನ್ನು ಕೈಗೆ ತೆಗೆದುಕೊಂಡು ಗುರುತು ನೋಡಿ, ಬೇಲಿಯಾಚೆ ಎಸೆದು, 'ಆಯ್ತು' ಅನ್ನುತ್ತಾನೆ. ಅಂದ ಮೇಲೆ ಮುಗಿಯಿತು. ಮಾರಿಕೊಂಡೆಯಾ, ತಿಂದೆಯಾ, ನಾಯಿಗೆ ಹಾಕಿದೆಯಾ ಅಂತ ಅವನು ಕೇಳುವ ಹಾಗಿಲ್ಲ. ನೀನು ಯಾವಾಗಲಾದರೂ ಬಂದು ನೋಡಿದೆಯಾ ಅಂತ ನಾವೂ ಕೇಳುವ ಹಾಗಿಲ್ಲ. ಸತ್ತ ಕುರಿಯ ಮಾತು ಎರಡೂ ಕಡೆಗೆ ಮುಚ್ಚಿದ ಹಾಗೆ.

ಇನ್ನು ಆಟದ ವಿಷಯ. ಫೋನಿಗೆ ಅದು ಹೊಸದಾಗಿ ಬಂದಿದ್ದರೂ ಅದರ ವಂಶ ಹಳೆಯದು. ಮಾವ ಹುಡುಗನಾಗಿದ್ದಾಗ ಸೇಲಂ ಬಸ್‌ಸ್ಟ್ಯಾಂಡಿನ ಹಿಂದುಗಡೆ ಬೀರುವಿನಷ್ಟು ಎತ್ತರದ ಪೆಟ್ಟಿಗೆಗೆ ನಾಣ್ಯ ಹಾಕಿ ಆಡುತ್ತಿದ್ದದ್ದು ಇದೇ ಸರಣಿಯ ಆಟವಂತೆ. ಅದೇ ಮುಖವಾಡದವನು, ಅದೇ ಜಡೆಯವಳು, ಅದೇ ಒಂಟಿಗಣ್ಣ. ಪೆಟ್ಟಿಗೆಯಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರಿಗೆ, ಅಲ್ಲಿಂದ ಫೋನಿಗೆ ಇಳಿದುಬಂದವರು. ಒಂದು ಭಾಗದಲ್ಲಿ ಕುತ್ತಿಗೆ ಮುರಿಸಿಕೊಂಡು ಸತ್ತವನು ಮುಂದಿನ ಭಾಗದಲ್ಲಿ ಹೊಸ ಬಟ್ಟೆ ಹಾಕಿಕೊಂಡು ಬಂದು ನಿಲ್ಲುತ್ತಾನೆ. ಯಾರೂ ಕಾರಣ ಕೇಳುವುದಿಲ್ಲ. ಸರಣಿ ಇವತ್ತಿಗೂ ಇದೆ. ನಿಂತುಹೋದದ್ದು ಫೋನಿನ ಕವಲು ಮಾತ್ರ.

ಬಾವ ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಅದನ್ನು ಶುರು ಮಾಡಿದ್ದ. ಆಡುತ್ತ ಆಡುತ್ತ ಹೊಸ ಫೈಟರುಗಳು ಸಿಗುತ್ತವೆ, ಗೆದ್ದಷ್ಟೂ ಪಟ್ಟಿಯಲ್ಲಿ ಮೇಲೇರುತ್ತೀರಿ, ದಿನವೂ ಆಡದಿದ್ದರೆ ಕೆಳಗೆ ಜಾರುತ್ತೀರಿ. ಓದು ಮುಗಿದ ಮೇಲೆ ಬಾವನಿಗೆ ಏರ್ಕಾಡಿನ ಒಂದು ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸುವ ಕೆಲಸ ಸಿಕ್ಕಿತು. ಅಲ್ಲಿ ಸಿಗ್ನಲ್ ಸಿಗುವುದು ಎಸ್ಟೇಟಿನ ಗೇಟಿನ ಪಕ್ಕ, ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ, ಅದೂ ಗಾಳಿ ಸರಿಯಿದ್ದರೆ. ಬೆಟ್ಟ ಹತ್ತುವ ಮುಂಚೆ, ಮರಿ ಪಾಲು ಮಾಡುವ ದಿನ ನಮ್ಮ ದೊಡ್ಡಿಗೆ ಬಂದಿದ್ದ.

"ನಾನು ಬೆಟ್ಟಕ್ಕೆ ಓಯ್ತೀನಿ. ಅಲ್ಲಿ ಟವರೇ ಇಲ್ಲ" ಅಂದ ಅಕ್ಕನಿಗೆ. "ನಿನ್ ತಲೆ ಮೇಲೇ ಟವರ್ ನಿಂತೈತೆ. ನನ್ ಐಡಿ ನೀನೇ ಮೇಯ್ಸು."

"ಮೇಯ್ಸಕ್ಕೆ ಅದೇನು ಕುರಿನಾ?"

"ಕುರಿ ಅಂತ್ಲೇ ಇಟ್ಕೋ. ವಾರಕ್ಕೆ ಬಿಟ್ಟಿವ್ನಿ. ಬರೋ ಫೈಟರಲ್ಲಿ ಅರ್ಧ ನಿಂದು."

ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಅಜ್ಜಿಯ ಕಿವಿಗೆ ವಾರ ಅನ್ನುವ ಮಾತು ಬಿತ್ತು. ಅವಳು ನಮ್ಮ ಅವ್ವನ ತಾಯಿ, ಮಾವನಿಗೂ ತಾಯಿ; ಅಂದರೆ ಬಾವನಿಗೂ ನಮಗೂ ಒಬ್ಬಳೇ ಅಜ್ಜಿ. ಮಗನ ಮನೆಯ ರಸ್ತೆಯ ಸದ್ದು ಆಗದೆ ನಮ್ಮಲ್ಲೇ ಇರುವವಳು.

"ಯಾವ್ ಕುರಿ ಲಾ ಅದು?"

"ಫೋನ್ ಕುರಿ ಅಜ್ಜಿ."

"ಆಲು ಕೊಡ್ತದಾ?"

"ಇಲ್ಲ."

"ಗೊಬ್ರ?"

"ಅದೂ ಇಲ್ಲ."

"ಮತ್ಯಾಕ್ಲಾ ಸಾಕ್ತೀಯ, ಕೆಲ್ಸಿಲ್ದೋನೇ? ನೋಡಕ್ಕೆ ಚೆನ್ನಾಗೈತೆ ಅಂತಾನಾ?"

ಎಲ್ಲರೂ ನಕ್ಕೆವು. ಅಕ್ಕ ಮಾತ್ರ ನಗದೆ ಕೇಳಿದಳು, "ಸತ್ರೆ?"

"ಕಿವಿ ತೋರ್ಸು" ಅಂದ ಬಾವ, ಅವನೇ ಎಲ್ಲರಿಗಿಂತ ಜೋರಾಗಿ ನಕ್ಕು.

ಇದನ್ನು ಒಪ್ಪಂದ ಅನ್ನಬಹುದೇ? ತಮಾಷೆಗೆ ಆಡಿದ ಮಾತು, ಅದನ್ನು ಹಿಡಿದುಕೊಂಡು ಎಳೆದಾಡುತ್ತೀರಲ್ಲ ಅಂತ ಅತ್ತೆ ಈಗ ಅನ್ನುತ್ತಾರೆ. ನನ್ನ ಉತ್ತರ ಸುಲಭ. ತಮಾಷೆ ಮಾತಿನಲ್ಲಿತ್ತು, ವ್ಯವಹಾರದಲ್ಲಿರಲಿಲ್ಲ. ಪಾಸ್‌ವರ್ಡನ್ನು ಅವನು ಅವತ್ತೇ ಕೊಟ್ಟ. ಅಕ್ಕ ಮಾರನೆಯ ದಿನದಿಂದಲೇ ಆಡಿದಳು. ತಮಾಷೆಗೆ ಕೊಟ್ಟ ಕುರಿಯೂ ಹುಲ್ಲು ಮೇಯುತ್ತದೆ.

ಅಕ್ಕ ಆಡುವುದನ್ನು ನಾನು ರಜೆಯಲ್ಲಿ ನೋಡಿದ್ದೇನೆ. ನಡುಹಗಲಲ್ಲಿ ಕುರಿಗಳು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತವೆ. ಆ ಹೊತ್ತು ಅವಳದು. ಸೊಪ್ಪು ಎಳೆಯುವ ದೋಟಿಯನ್ನು ಮಗ್ಗುಲಿಗೆ ಮಲಗಿಸಿ, ಬಂಡೆಗೆ ಬೆನ್ನು ಕೊಟ್ಟು, ಬಿಸಿಲು ಬೀಳದಂತೆ ಟವೆಲ್ಲನ್ನು ತಲೆಯ ಮೇಲಿಂದ ಫೋನಿನವರೆಗೆ ಎಳೆದುಕೊಂಡು ಕೂರುತ್ತಿದ್ದಳು. ದೂರದಿಂದ ನೋಡಿದರೆ ಯಾರೋ ಹೆಂಗಸು ಅಳುತ್ತಿದ್ದಾಳೆ ಅನ್ನಿಸಬೇಕು. ಒಳಗೆ ಜಡೆಯವಳು ಮುಖವಾಡದವನ ಪಕ್ಕೆಲುಬು ಮುರಿಯುತ್ತಿರುತ್ತಿದ್ದಳು.

ಬಾವನ ಆಟ ನನಗೆ ಗೊತ್ತಿತ್ತು. ಗಂಟೆ ಹೊಡೆದ ಕೂಡಲೇ ಮುನ್ನುಗ್ಗುತ್ತಿದ್ದ. ಎರಡೂ ಹೆಬ್ಬೆಟ್ಟು ಕುಣಿಸಿ ಕುಣಿಸಿ ಎದುರಾಳಿಯನ್ನು ಮೂಲೆಗೆ ಒತ್ತುತ್ತಿದ್ದ. ಗೆದ್ದರೆ ಬೇಗ ಗೆಲ್ಲುತ್ತಿದ್ದ, ಸೋತರೂ ಬೇಗ. ಅಕ್ಕ ಹಾಗಲ್ಲ. ಎದುರಿನವನು ಬಂದು ಎರಗುವ ತನಕ ಸುಮ್ಮನೆ ನಿಲ್ಲುತ್ತಾಳೆ. ಅವನು ಕೈ ಎತ್ತಿದಾಗ ಒಂದು ಹೆಜ್ಜೆ ಹಿಂದೆ. ಅವನ ಏಟು ಗಾಳಿಗೆ ಹೋದ ಮೇಲೆ ಇವಳ ಏಟು.

"ಇದನ್ನ ಎಲ್ಲಿ ಕಲ್ತೆ?" ಅಂತ ಕೇಳಿದೆ.

"ಟಗರು ಇಂದಕ್ಕೆ ಓಗೋದು ಎದ್ರಿ ಅಲ್ಲ ಕಣೇ. ಓಡ್ಬರಕ್ಕೆ ಜಾಗ ಬೇಕು ಅಂತ."

ಇದರಲ್ಲಿ ಏನೋ ದೊಡ್ಡ ಜ್ಞಾನವಿದೆ ಅಂತ ನಾನು ಹೇಳುತ್ತಿಲ್ಲ. ಟಗರು ಮೇಯಿಸುವವರೆಲ್ಲ ಫೋನಿನಲ್ಲಿ ಗೆಲ್ಲುವುದಿಲ್ಲ. ನಾನೂ ಮೇಯಿಸಿದ್ದೇನೆ, ಆ ಆಟದಲ್ಲಿ ಮೂರನೆಯ ಏಟಿಗೇ ಬೀಳುತ್ತೇನೆ. ನಾನು ಹೇಳುವುದು ಇಷ್ಟೇ, ಎರಡೂ ಕೈಗಳ ಆಟ ಬೇರೆ ಬೇರೆ ಥರ ಇತ್ತು, ನೋಡಿದವರಿಗೆ ಗೊತ್ತಾಗುವಷ್ಟು ಬೇರೆ. ಆಮೇಲೆ ಪಟ್ಟಿಯಲ್ಲಿ ಮೇಲೆ ಮೇಲೆ ಹೋದದ್ದು ಅಕ್ಕನ ಕೈಗೆ ಬಂದ ಮೇಲೆ.

ಆಟದೊಳಗೇ ಆಟಗಾರರು ಮಾತಾಡಿಕೊಳ್ಳುವ ಗುಂಪು ಇತ್ತು. ಸೇಲಂ, ಈರೋಡು, ನಾಮಕ್ಕಲ್ ಕಡೆಯ ಹುಡುಗರು. ಅವರಿಗೆ ಕಾಣುವುದು ಬಾವನ ಹೆಸರು. ಒಂದು ದಿನ ಒಬ್ಬ ಬರೆದಿದ್ದ, 'ತಲೈವಾ, ಇಪ್ಪೋ ನೀಂಗ ವೇರ ಮಾದಿರಿ ಆಡ್ರೀಂಗ.' ಈಗ ನೀವು ಬೇರೆ ಥರ ಆಡುತ್ತೀರಿ ಅಂತ. ಅಕ್ಕ ಅದನ್ನು ನನಗೆ ತೋರಿಸಿದಳು. ಅವಳ ಮುಖದಲ್ಲಿ ಅವತ್ತು ಇದ್ದ ಕಳೆಯನ್ನು ನಾನು ಅವಳ ಪ್ಲಸ್ ಟೂ ಫಲಿತಾಂಶದ ದಿನವೂ ನೋಡಿರಲಿಲ್ಲ. ಯಾರೋ ಗುರುತು ಹಿಡಿದಿದ್ದರು. ಹೆಸರು ಗೊತ್ತಿಲ್ಲದವರು ಕೈಯನ್ನು ಗುರುತು ಹಿಡಿದಿದ್ದರು.

ಭಾನುವಾರ ಬಾವ ಸೇಲಂಗೆ ಇಳಿದಾಗ ತನ್ನ ಫೋನಿನಿಂದ ಒಳಗೆ ಹೋಗಿ ಉತ್ತರ ಬರೆದ. 'ಪ್ರಾಕ್ಟೀಸ್, ಪ್ರಾಕ್ಟೀಸ್.' ಕೆಳಗೆ ತೋಳಿನ ಚಿತ್ರ.

ಅಕ್ಕ ಫೋನ್ ಮಾಡಿದಳು. ನಾನು ಪಕ್ಕದಲ್ಲಿದ್ದೆ.

"ಯಾರ್ ಪ್ರಾಕ್ಟೀಸು?"

"ಸರಿ ಬುಡು. ಮನೆಗೇ ತಾನೆ ಬರ್ತಿರೋದು."

"ಮನೇಗೆ ಬಂದಿದ್ದು ನಂಗೆ ಯಾವಾಗ ಬರ್ತದೆ?"

"ಪಾಲು ಮಾಡೋ ದಿನ" ಅಂದ. ಮತ್ತೆ ನಗು.

ಇಲ್ಲಿ ನಾನು ಅಕ್ಕನ ಜೊತೆಯೂ ಜಗಳವಾಡಿದ್ದೇನೆ, ಅದನ್ನೂ ಹೇಳಬೇಕು. ಆ ಆಟದಲ್ಲಿ ಪ್ರತಿ ಐಡಿಗೂ ಒಂದು ಸಲ ಹೆಸರು ಬದಲಾಯಿಸಲು ಬಿಟ್ಟಿ ಅವಕಾಶ ಇತ್ತು. ಯಾರ ಅಪ್ಪಣೆಯೂ ಬೇಡ, ಒಂದು ಗುಂಡಿ ಒತ್ತಿದರೆ ಆಯಿತು. ಬಾವ ಅದನ್ನು ಬಳಸಿರಲಿಲ್ಲ. ತಿಂಗಳುಗಟ್ಟಲೆ ಆ ಗುಂಡಿ ಅಕ್ಕನ ಹೆಬ್ಬೆಟ್ಟಿನ ಕೆಳಗೇ ಇತ್ತು.

"ಒತ್ತು" ಅಂದೆ. "ನಿನ್ ಹೆಸ್ರು ಹಾಕು. ಆಮೇಲೆ ವಾದ ಮಾಡೋಣ."

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಒಡೆಯ ಇಲ್ದೆ ಕಿವಿ ಮುಟ್ತಾರೇನೇ?"

"ಇದು ಕುರಿ ಅಲ್ಲ ಕಣೇ ಅಕ್ಕ. ಅದು ತಮಾಷೆಗೆ ಅಂದ ಮಾತು!"

"ಅವನಿಗೆ ತಮಾಷೆ. ನಾನು ಊಂ ಅಂದಿವ್ನಿ."

ಪ್ರತಿವಾದ ಇಲ್ಲದ ಮಾತೆಲ್ಲ ಸರಿ ಅಂತ ಅಲ್ಲ. ಅವಳು ಅವತ್ತು ಒತ್ತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ಮುಂದಿನ ಭಾನುವಾರವೊಂದರಲ್ಲಿ ಬಾವನೇ ಆ ಬಿಟ್ಟಿ ಅವಕಾಶವನ್ನು ಬಳಸಿಕೊಂಡ. ತನ್ನ ಹೆಸರಿನ ಮುಂದೆ ಏರ್ಕಾಡನ್ನು ಸೇರಿಸಿ, ಅದರ ಮುಂದೆ ಒಂದು ಕಿರೀಟದ ಚಿತ್ರ ಇಟ್ಟ. ಅಲ್ಲಿಂದ ಮುಂದೆ ಯಾರೇ ಹೆಸರು ಬದಲಾಯಿಸಬೇಕೆಂದರೂ ಬಾವನ ಫೋನ್ ನಂಬರಿಗೆ ಆರು ಅಂಕಿಯ ಒಂದು ಕೋಡ್ ಬರಬೇಕು, ಅದನ್ನು ಸ್ವಲ್ಪ ಹೊತ್ತಿನೊಳಗೆ ಇಲ್ಲಿ ತುಂಬಬೇಕು.

ಮುಚ್ಚುವ ಸುದ್ದಿ ಆಟದೊಳಗೇ ಬಂತು. ಇಂಗ್ಲಿಷಿನಲ್ಲಿತ್ತು, ಅಕ್ಕ ನನ್ನ ಕೈಗೆ ಕೊಟ್ಟು ಓದಿಸಿದಳು. ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ವಂದನೆ, ಇಂದಿನಿಂದ ಅಂಗಡಿಯಲ್ಲಿ ಏನನ್ನೂ ಕೊಳ್ಳಲಾಗುವುದಿಲ್ಲ, ಇಂಥ ದಿನದಿಂದ ಸರ್ವರ್ ಇರುವುದಿಲ್ಲ. ಯಾಕೆ ಅಂತ ಒಂದು ಸಾಲೂ ಇಲ್ಲ. ಇಷ್ಟೊಂದು ವಿನಯದಿಂದ ಇಷ್ಟೊಂದು ಕಡಿಮೆ ಹೇಳಿದ ಬರವಣಿಗೆಯನ್ನು ನಾನು ಬೇರೆಲ್ಲೂ ಓದಿಲ್ಲ. ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

"ರೋಗ ಬಂತಾ?"

"ಇಲ್ಲ ಅಜ್ಜಿ. ಕಂಪನಿಯವ್ರೇ ಸಾಯಿಸ್ತಾ ಅವ್ರೆ."

"ಚೆಂದಾಗ್ ಮೇಯ್ತಿರೋದ್ನಾ?" ಅಜ್ಜಿಗೆ ಇದು ಅರ್ಥವಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ಆಮೇಲೆ ಪಾಲಿನ ಪ್ರಶ್ನೆ ಎದ್ದಿತು, ಎಬ್ಬಿಸಿದವಳು ಅಕ್ಕ. ಅರ್ಧ ಫೈಟರುಗಳು ತನ್ನವು, ಆದರೆ ಅವನ್ನು ಬೇರೆ ಐಡಿಗೆ ಸಾಗಿಸಲು ಆಗುವುದಿಲ್ಲ. ಸಾಗಿಸಿದರೂ ಪ್ರಯೋಜನವಿಲ್ಲ, ಎಲ್ಲ ಒಂದೇ ದಿನ ಸಾಯುತ್ತವೆ. ಅಜ್ಜಿ ಹಗ್ಗ ಬಿಟ್ಟು ಕೂತು ಯೋಚಿಸಿದಳು. ಫೋನ್ ಕುರಿಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ನಮ್ಮ ಮನೆಯಲ್ಲಿ ಅವರಿಬ್ಬರೇ.

"ಒಡ್ಯಕ್ಕಾಗಲ್ಲ ಅಂದ್ರೆ ಅದು ಒಂಟಿ ಮರಿ" ಅಂದಳು ಕೊನೆಗೆ. "ಒಂಟಿ ಮರಿ ಒಂದ್ ಸಲ ಒಡೇನ್ದು, ಒಂದ್ ಸಲ ಮೇಯ್ಸ್ದೋರ್ದು. ಅವನ ಸಲ ಆಯ್ತು. ಕಡೇ ಸಲ ಇವಳ್ದು. ಫೋನ್ ಆಕು ಅವನಿಗೆ."

ಬಾವ ಸಿಲ್ವರ್ ಓಕಿನ ಬುಡಕ್ಕೆ ಬಂದ ಹೊತ್ತಿಗೆ ಸಿಕ್ಕಿದ. ಅಜ್ಜಿ ತೀರ್ಪು ಹೇಳಿದಳು. ಸ್ಪೀಕರಿನಲ್ಲಿ ಅವನ ಮಾತು ನಾವೆಲ್ಲ ಕೇಳಿದೆವು: "ಆಯ್ತಜ್ಜಿ, ಅವಳ್ ಎಸ್ರೇ ಇರ್ಲಿ. ಭಾನುವಾರ ಮಧ್ಯಾನ ಇಳೀತೀನಿ. ಸೇಲಂನಾಗೆ ಇದ್ದಾಗ ಕೋಡ್ ಏಳ್ತೀನಿ, ಆಕ್ಕಳ್ಲಿ." ಆಟ ಸಾಯುವ ಮುಂಚಿನ ಕೊನೆಯ ಭಾನುವಾರ ಅದು. ಅವನು ಆಗಲ್ಲ ಅನ್ನಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನೆಂಟರ ಕತೆಯಲ್ಲಿ ಈ ಫೋನ್ ಕರೆ ಎಲ್ಲೂ ಬರುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಅಕ್ಕ ಆಡಿದಳು, ಗೆದ್ದಳು, ಪಟ್ಟಿಯಲ್ಲಿ ಅವಳು ಮುಟ್ಟಿದ ಅತಿ ಮೇಲಿನ ಜಾಗ ಅದು. ಆ ಪರದೆಯ ಚಿತ್ರ ತೆಗೆದು ಬಾವನಿಗೆ ಕಳಿಸಿದಳು. ಆಮೇಲೆ ಬಂಡೆಯ ಮೇಲೆ ಕೂತಳು. ಕುರಿಗಳನ್ನು ನಾನು ನೋಡಿಕೊಂಡೆ. ಮಧ್ಯಾಹ್ನ, ಅವನು ಹೇಳಿದ್ದ ಹೊತ್ತಿಗೆ, ಹೆಸರು ಬದಲಾಯಿಸುವ ಗುಂಡಿ ಒತ್ತಿದಳು. ಕೋಡ್ ಕಳಿಸಲಾಗಿದೆ ಅಂತ ಬಂತು. ಬಾವನಿಗೆ ಫೋನ್ ಮಾಡಿದಳು. ಗಂಟೆ ಪೂರ್ತಿ ಹೊಡೆದು ನಿಂತಿತು. ಮತ್ತೆ ಮಾಡಿದಳು. ಈ ಸಲ ಕಂಪನಿಯ ಹೆಂಗಸು ತಮಿಳಿನಲ್ಲಿ, ನೀವು ಕರೆದವರು ವ್ಯಾಪ್ತಿಯ ಹೊರಗಿದ್ದಾರೆ ಅಂದಳು. ಪರದೆಯ ಮೇಲೆ ಸಮಯ ಇಳಿಯುತ್ತ ಇಳಿಯುತ್ತ ಮುಗಿಯಿತು. ಮತ್ತೆ ಒತ್ತಿದಳು, ಮತ್ತೆ ಮುಗಿಯಿತು. ಆಮೇಲೆ, ಬಹಳ ಸಲ ಪ್ರಯತ್ನಿಸಿದ್ದೀರಿ, ನಾಳೆ ಬನ್ನಿ ಅಂತ ಬಂತು. ನಾಳೆ ಸರ್ವರ್ ಇರಲಿಲ್ಲ.

ಬಾವ ಮೂರನೆಯ ದಿನ ಸಿಕ್ಕಿದ. "ಘಾಟ್ ರೋಡ್ನಾಗಿದ್ದೆ ಕಣೇ. ಬಸ್ ಲೇಟು. ಟವರೇ ಬರ್ಲಿಲ್ಲ, ಸತ್ಯವಾಗ್ಲೂ."

ಅಕ್ಕ "ಸರಿ" ಅಂದಳು. ಅವಳು ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ತೊಂದರೆ ಬೇರೆ. ಆ ಭಾನುವಾರದ ಮಧ್ಯಾಹ್ನವೇ, ಕುರಿಗಳ ಹಿಂದೆ ನಡೆಯುತ್ತ, ನಾನು ನನ್ನ ಫೋನಿನಲ್ಲಿ ಬಾವನ ಸ್ಟೇಟಸ್ ನೋಡಿದ್ದೆ. ಅಕ್ಕ ಬೆಳಿಗ್ಗೆ ಕಳಿಸಿದ್ದ ಅದೇ ಚಿತ್ರ. ಪಟ್ಟಿ, ಪಟ್ಟಿಯಲ್ಲಿ ಅವನ ಹೆಸರು, ಕಿರೀಟ. ಮೇಲೆ ತಮಿಳಿನಲ್ಲಿ ಎರಡು ಪದ: 'ಎನ್ ಉಳೈಪ್ಪು.' ನನ್ನ ದುಡಿಮೆ. ಆಗ ತಾನೇ ಹಾಕಿದ್ದು. ಬಂಡೆಯ ಮೇಲೆ ಅಕ್ಕ ಇನ್ನೂ ಗುಂಡಿ ಒತ್ತುತ್ತಿದ್ದಳು.

ಇನ್ನೊಂದು ಪಕ್ಷವನ್ನೂ ನಾನೇ ವಾದಿಸುತ್ತೇನೆ, ಯಾಕೆಂದರೆ ಬಾವ ತನ್ನ ಪರವಾಗಿ ಎಂದೂ ಸರಿಯಾಗಿ ವಾದಿಸಿದವನಲ್ಲ. ಸ್ಟೇಟಸ್ ಅನ್ನು ಮೊದಲೇ ಹಾಕಿಟ್ಟು, ಸಿಗ್ನಲ್ ತಾಗಿದ ಗಳಿಗೆಯಲ್ಲಿ ಅದು ತಾನೇ ಹೋಗಿರಬಹುದು. ಗಂಟೆ ಹೊಡೆದಾಗ ಬಸ್ಸಿನ ಗದ್ದಲದಲ್ಲಿ ಕೇಳಿಸದೇ ಇರಬಹುದು. ಐಡಿ ಕಟ್ಟಿದ್ದು ಮೊದಲು ಅವನೇ, ತಾಯಿಕುರಿ ಅವನದೇ. 'ನನ್ನ ದುಡಿಮೆ' ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಇದನ್ನೆಲ್ಲ ಪರೀಕ್ಷಿಸಬೇಕು ಅಂತ ಒಂದು ಭಾನುವಾರ ನಾನೇ ಏರ್ಕಾಡಿನಿಂದ ಇಳಿಯುವ ಬಸ್ಸಿನಲ್ಲಿ ಕೂತು ಬಂದೆ. ಫೋನು ಕೈಯಲ್ಲಿ, ಕಣ್ಣು ಸಿಗ್ನಲ್ಲಿನ ಗೆರೆಗಳ ಮೇಲೆ. ಪಕ್ಕದ ಹೆಂಗಸು ಮೆಣಸಿನ ಚೀಲವನ್ನು ನನ್ನ ಕಾಲ ಮೇಲೆ ಇಟ್ಟಳು, ನಾನು ಗಮನಿಸಲಿಲ್ಲ. ಕಾಡಿನ ಒಳತಿರುವುಗಳಲ್ಲಿ ಸಿಗ್ನಲ್ ಸತ್ತೇಹೋಗುತ್ತದೆ. ಸೇಲಂ ಕೆಳಗೆ ಕಾಣುವ ಹೊರತಿರುವುಗಳಲ್ಲಿ ಗೆರೆಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಒಳಗೆ ಹೋದರೆ ಇಲ್ಲ, ಹೊರಗೆ ಬಂದರೆ ಇದೆ. ಹೀಗೆ ಕೆಳಗಿನ ತನಕ.

ಅಂದರೆ ನನ್ನ ಸಾಕ್ಷ್ಯ ಬಾವನನ್ನು ಸುಳ್ಳುಗಾರ ಮಾಡುವುದಿಲ್ಲ. ನಿಜ ಹೇಳಿದವನನ್ನಾಗಿಯೂ ಮಾಡುವುದಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಉಳಿಸುತ್ತದೆ: ಒಂದು ಚಿತ್ರ ಮೇಲೆ ಹೋಗುವಷ್ಟು ಸಿಗ್ನಲ್ ಇದ್ದ ಕಡೆ ಆರು ಅಂಕಿ ಕೆಳಗೆ ಬರುವಷ್ಟು ಇರಲಿಲ್ಲವೇ?

ಆ ವರ್ಷದ ಬೆಳೆ ಮುಗಿದ ಮೇಲೆ ಮಾವ ಅತ್ತೆ ಬಂದು ಸಂಬಂಧದ ಮಾತು ತೆಗೆದರು. ಮಾವನ ಮಗನಿಗೆ ಮುರೈ ಇದೆ, ಹೆಣ್ಣು ಕೇಳುವ ಹಕ್ಕಿಗೆ ನಮ್ಮಲ್ಲಿ ಹಾಗೆ ಅನ್ನುತ್ತಾರೆ. ಬೇಡವೆನ್ನಲು ಕಾರಣ ಕೊಡಬೇಕು. ಅಕ್ಕ "ಬ್ಯಾಡ" ಅಂದಳು, ಕಾರಣ ಕೊಡಲಿಲ್ಲ. ಅವ್ವ ಅತ್ತಳು. ಅತ್ತೆ, ಫೋನಿನ ಹುಚ್ಚು ಬಿಡಿಸಿ ಮೊದಲು ಅಂದರು. ಅಲ್ಲಿಂದಲೇ ಆ ಮದುವೆಮನೆಯ ಕತೆ ಹುಟ್ಟಿದ್ದು.

"ಯಾಕೆ ಬಾಯಿ ಬುಡಲ್ಲ?" ಅಂತ ನಾನು ಸಿಡುಕಿದೆ. "ಎಲ್ಲಾ ಇದೆ ನಿನ್ ಹತ್ರ. ಅಜ್ಜಿ ಮಾತು, ಅವನು ಒಪ್ಪಿದ್ದು, ಸ್ಟೇಟಸ್ಸು."

"ಏಳಿದ್ರೂ ಫೋನ್ ಉಚ್ಚು ಅಂತಾರೆ, ಏಳ್ದಿದ್ರೂ ಅದ್ನೇ ಅಂತಾರೆ" ಅಂದಳು ಅಕ್ಕ. "ಏಳ್ದಿದ್ರೆ ಗಂಟ್ಲಾದ್ರೂ ಉಳೀತದೆ."

ಮೊನ್ನೆ ಮರಿ ಪಾಲು ಮಾಡುವ ದಿನ ಬಂತು. ಮಾವನಿಗೆ ಮಂಡಿ ನೋವು, ಬಾವ ಬಂದ. ಅಂಜಿಕೊಂಡೇನೂ ಬರಲಿಲ್ಲ, ಬಸ್ಸಿಳಿದು ಅಜ್ಜಿಗೆ ಕಾಫಿಪುಡಿ ಕೊಟ್ಟು, ಅವ್ವನ ಕೈಯ ರಾಗಿ ಮುದ್ದೆ ಉಂಡು, ಲುಂಗಿ ಎತ್ತಿಕಟ್ಟಿ ದೊಡ್ಡಿಗಿಳಿದ. ನನ್ನನ್ನು ನೋಡಿ, "ಏನಮ್ಮಾ ಲಾಯರಮ್ಮ, ಯಾವ್ ಕೇಸು ಇವತ್ತು?" ಅಂದ. ಅವನು ಕೆಟ್ಟವನಲ್ಲ. ಅಕ್ಕ ಕಿವಿ ಕತ್ತರಿಸುವಾಗ ನಮ್ಮ ಪಾಲಿನ ಮರಿಗಳನ್ನು ಅವನೇ ತೊಡೆಯ ನಡುವೆ ಹಿಡಿದುಕೊಂಡ. ಒದ್ದಾಡುವ ಮರಿಯ ಕಣ್ಣಿಗೆ ಅಂಗೈ ಮುಚ್ಚಿದ. ಬೂದಿ ಒತ್ತಿದ್ದೂ ಅವನೇ. ಕೊನೆಯಲ್ಲಿ ಒಂಟಿ ಮರಿ ಉಳಿಯಿತು. "ಓದ್ಸಲ ನಮ್ದು, ಈ ಸಲ ನಿಮ್ದು" ಅಂತ ಅವನೇ ಅದರ ಎಡಗಿವಿಯನ್ನು ಅಕ್ಕನ ಕಡೆ ತಿರುಗಿಸಿದ. ಅಜ್ಜಿ ಅವನನ್ನೇ ನೋಡುತ್ತಿದ್ದಳು.

ಅಕ್ಕ ಕತ್ತರಿ ಒರೆಸಿಟ್ಟಳು. ಕೈ ತೊಳೆದಳು. ಸೊಂಟದಿಂದ ಫೋನ್ ತೆಗೆದಳು. ಆಟದ ಗುರುತು ಇನ್ನೂ ಪರದೆಯ ಮೇಲೆ ಕೂತಿತ್ತು, ಅವಳು ತೆಗೆದುಹಾಕಿರಲಿಲ್ಲ. ಒತ್ತಿದಳು. ಒಂದು ಸುತ್ತು ತಿರುಗಿತು, ತಿರುಗುತ್ತಲೇ ಇತ್ತು, ಸರ್ವರ್ ಸಿಗುತ್ತಿಲ್ಲ ಅಂತ ಬಂತು. ಆಮೇಲೆ ಚಿತ್ರಗಳೊಳಗೆ ಹೋಗಿ ಆ ಭಾನುವಾರದ ಬೆಳಗಿನದನ್ನು ತೆರೆದಳು: ಪಟ್ಟಿ, ಹೆಸರು, ಕಿರೀಟ. ಎರಡೂ ಕೈಯಲ್ಲಿ ಹಿಡಿದು ಬಾವನ ಮುಂದೆ ಚಾಚಿದಳು. ಒಡೆಯರಿಗೆ ಹೇಳುವ ರೀತಿಯಲ್ಲೇ ಹೇಳಿದಳು.

"ನಿಮ್ದೊಂದು ಸತ್ತೈತೆ. ಕಿವಿ ನೋಡ್ಕಳಿ."

ಬಾವ ಮೊದಲು ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಹಗ್ಗ ಹೊಸೆಯುವ ಅಜ್ಜಿಯ ಕೈ ನಿಂತಿತ್ತು. ಅವನು ಫೋನನ್ನು ಕೈಗೆ ತೆಗೆದುಕೊಂಡ. ಬೂದಿ ಮೆತ್ತಿದ್ದ ಹೆಬ್ಬೆಟ್ಟು ಪರದೆಯ ಮೇಲೆ ಮಸಿ ಎಳೆಯಿತು. ಅಂಗಿಗೆ ಒರೆಸಿ ಮತ್ತೆ ನೋಡಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಆಮೇಲೆ ಬೇಲಿಯ ಕಡೆ ತಿರುಗಿ, ಎಸೆಯುವವನ ಹಾಗೆ ಖಾಲಿ ಕೈಯನ್ನು ಬೀಸಿದ. ಇನ್ನೊಂದೇ ಮಾತು ಬಾಕಿ. ಅವನು 'ಆಯ್ತು' ಅಂದರೆ ಎರಡೂ ಕಡೆಗೆ ಬಾಗಿಲು ಮುಚ್ಚಿತು. ಅಕ್ಕ ಕೇಳುವುದಿಲ್ಲ, ಅಜ್ಜಿ ಕೇಳಲು ಬಿಡುವುದಿಲ್ಲ, ನಾನು ಎಷ್ಟು ವಾದ ಕಲಿತಿದ್ದರೂ ನಮ್ಮ ದೊಡ್ಡಿಯಲ್ಲಿ ಅದು ನಡೆಯುವುದಿಲ್ಲ. ಅವನ ತುಟಿ ತೆರೆಯುತ್ತಿತ್ತು.

"ಬಾವ" ಅಂದೆ, "ಆಯ್ತು ಅನ್ನೋಕೆ ಮುಂಚೆ ಒಂದು ಮಾತು. ಆ ಭಾನುವಾರ ನೀನು ಸ್ಟೇಟಸ್ ಹಾಕಿದಾಗ, ಕೋಡ್ ನಿನ್ನ ಫೋನಿಗೆ ಬಂದಿತ್ತಾ, ಬಂದಿರ್ಲಿಲ್ವಾ?"